ಆಟಿ ತಿಂಗಳ ಬಾಕಿ

ಕ್ರೆಡಿಟ್ ಕಾರ್ಡ್ ಎಂದರೆ ಏನೆಂದು ನಮ್ಮ ಬ್ಯಾಂಕಿನವರಿಗೇ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ ಅದರ ಬಡ್ಡಿ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಣಿಪಾಲದ ಕಚೇರಿಯ ಎರಡನೆಯ ಮಹಡಿಯಲ್ಲಿ ಹಳೆಯ ಸ್ಟೇಷನರಿ ಕೋಣೆಯನ್ನು ಖಾಲಿ ಮಾಡಿಸಿ, ಬಾಗಿಲ ಮೇಲೆ ಕಾರ್ಡ್ ವಿಭಾಗ ಎಂದು ಬೋರ್ಡು ಹಾಕಿದ್ದರು. ಒಳಗೆ ಮೂರು ಜನ. ಕಾರ್ಕಳದ ಕಡೆಯ ಒಬ್ಬ ಆಫೀಸರು, ಟೈಪಿಂಗು ಮತ್ತು ಟಪಾಲು ನೋಡುವ ಒಬ್ಬ ಸಹೋದ್ಯೋಗಿ, ಲೆಡ್ಜರಿಗೆ ನಾನು. ಇನ್ನಂಜೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಉಳಿದ ವಿಭಾಗದವರು ನಮ್ಮನ್ನು ನೋಡಿ, 'ನಿಮ್ಮದು ಒಳ್ಳೆದಾಯ್ತು ಮಾರಾಯ್ರೆ, ಪ್ಲಾಸ್ಟಿಕ್ ಅಂಗಡಿ' ಎಂದು ತಮಾಷೆ ಮಾಡುತ್ತಿದ್ದರು.

ಕೆಲಸ ಮಾತ್ರ ತಮಾಷೆಯದ್ದಾಗಿರಲಿಲ್ಲ. ಗಿರಾಕಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಅಂಗಡಿಯವರು ಅದನ್ನು ಒಂದು ಚಪ್ಪಟೆ ಯಂತ್ರದ ಮೇಲಿಟ್ಟು, ಮೇಲೆ ಮೂರು ಹಾಳೆಯ ಚೀಟಿ ಹಾಕಿ, ಹಿಡಿಯನ್ನು ಆಚೆಯಿಂದ ಈಚೆಗೆ ಎಳೆಯುತ್ತಿದ್ದರು. ಕಾರ್ಡಿನ ಉಬ್ಬಕ್ಷರಗಳು ಕಾರ್ಬನ್ನಿನಲ್ಲಿ ಮೂಡುತ್ತಿದ್ದವು. ಒಂದು ಹಾಳೆ ಗಿರಾಕಿಗೆ, ಒಂದು ಅಂಗಡಿಗೆ, ಒಂದು ನಮಗೆ. ಉಡುಪಿಯ ಜವಳಿ ಅಂಗಡಿ, ಕಾರ್ಕಳದ ಚಿನ್ನದಂಗಡಿ, ಮಣಿಪಾಲದ ಔಷಧದಂಗಡಿ, ಹೀಗೆ ಎಲ್ಲ ಕಡೆಯ ಚೀಟಿಗಳು ಕ್ಯಾನ್ವಾಸ್ ಚೀಲದಲ್ಲಿ ನಮ್ಮ ಮೇಜಿಗೆ ಬಂದು ಬೀಳುತ್ತಿದ್ದವು. ಅವನ್ನು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳ ಪ್ರಕಾರ ವಿಂಗಡಿಸಿ, ಲೆಡ್ಜರಿನ ಹಾಳೆಗೆ ಏರಿಸಿ, ಪ್ರತಿ ತಿಂಗಳ ಇಪ್ಪತ್ತಕ್ಕೆ ಸ್ಟೇಟ್‌ಮೆಂಟು ತಯಾರಿಸಬೇಕು. ಮುಂದಿನ ಹತ್ತನೇ ತಾರೀಖಿನೊಳಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿ ಇಲ್ಲ. ಆಗದಿದ್ದರೆ ಹತ್ತನೇ ಒಂದು ಪಾಲನ್ನಾದರೂ ಕಟ್ಟಬೇಕು. ಉಳಿದದ್ದಕ್ಕೆ ಎರಡೂವರೆ ಪರ್ಸೆಂಟ್ ಬಡ್ಡಿ.

ಈ ಎರಡೂವರೆ ಎಂಬ ಅಂಕಿ ಎಷ್ಟು ಜನರನ್ನು ಹಾಳು ಮಾಡಿತೋ ಏನೋ. 'ಎರಡೂವರೆ ಪರ್ಸೆಂಟ್ ಅಷ್ಟೇಯಾ? ಚಿನ್ನದ ಸಾಲಕ್ಕಿಂತ ಎಷ್ಟೋ ಕಡಿಮೆ ಅಲ್ವಾ!' ಎಂದು ಜನ ಖುಷಿಪಡುತ್ತಿದ್ದರು. ಅದು ತಿಂಗಳಿಗೆ, ವರ್ಷಕ್ಕೆ ಮೂವತ್ತು, ಎಂದು ಹೇಳಿದರೆ ಮುಖ ಸಣ್ಣದಾಗುತ್ತಿತ್ತು. ಆದ್ದರಿಂದ ಬ್ರಾಂಚುಗಳಲ್ಲಿ ಯಾರೂ ಹೇಳುತ್ತಿರಲಿಲ್ಲ. ಒಂದೊಂದು ಬ್ರಾಂಚಿಗೂ ಇಷ್ಟಿಷ್ಟು ಕಾರ್ಡ್ ಎಂದು ಗುರಿ ಕೊಟ್ಟಿದ್ದರು. ಮ್ಯಾನೇಜರುಗಳು ಕೈಗೆ ಸಿಕ್ಕಿದವರನ್ನೆಲ್ಲ ಕೂರಿಸಿ ಫಾರಂ ತುಂಬಿಸುತ್ತಿದ್ದರು.

ಹಾಗೆ ಕಾರ್ಡ್ ಸಿಕ್ಕಿದವರಲ್ಲಿ ಶಂಕರಪುರದ ಒಬ್ಬ ಹೂವಿನ ಏಜೆಂಟರಿದ್ದರು. ಐವತ್ತು ದಾಟಿದ ಕೊಂಕಣಿ ಕ್ರೈಸ್ತರು. ಸುತ್ತಮುತ್ತಲಿನ ಹೆಂಗಸರು ಕಟ್ಟಿದ ಮಲ್ಲಿಗೆಯನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಟ್ಟು ಮಾಡಿ, ಬಾಳೆಪಟ್ಟೆಯಲ್ಲಿ ಸುತ್ತಿ, ಉಡುಪಿಗೂ ಮುಂಬಯಿಗೂ ಕಳಿಸುವ ಕೆಲಸ. ಫಾರಂನಲ್ಲಿ ಉದ್ಯೋಗ ಎಂಬಲ್ಲಿ ಬ್ರಾಂಚಿನ ಮ್ಯಾನೇಜರು 'ರಫ್ತುದಾರ' ಎಂದು ಬರೆದಿದ್ದರು. ಹೂವಿನ ಏಜೆಂಟ್ ಎಂದರೆ ಪಾಸಾಗುವುದಿಲ್ಲ ಎಂದು ಹೆದರಿಕೆ. ಮಿತಿ ಐದು ಸಾವಿರ ಎಂದು ಮಂಜೂರಾಯಿತು. ರಫ್ತುದಾರರು ಮುಂಡು ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ನಮ್ಮ ಮಹಡಿ ಹತ್ತಿ ಬಂದಾಗ ನಮ್ಮ ಆಫೀಸರು ನನ್ನ ಮುಖ ನೋಡಿ ನಕ್ಕಿದ್ದು ನೆನಪಿದೆ.

ಆದರೆ ಕಾರ್ಡನ್ನು ಅವರಷ್ಟು ಬುದ್ಧಿವಂತಿಕೆಯಿಂದ ಬಳಸಿದವರು ನಮ್ಮ ಲೆಡ್ಜರಿನಲ್ಲಿ ಬೇರೆ ಇರಲಿಲ್ಲ. ಅವರ ಹೆಂಡತಿಗೆ ಕ್ಯಾನ್ಸರು. ಮಣಿಪಾಲದಲ್ಲಿ ತಿಂಗಳಿಗೊಂದು ಇಂಜೆಕ್ಷನ್ ಆಗಬೇಕು. ಔಷಧದಂಗಡಿಯಲ್ಲಿ ಅದಕ್ಕೆ ಏಳುನೂರ ನಲವತ್ತು ರೂಪಾಯಿ. ಮುಂಬಯಿಯ ಹೂವಿನ ಹಣ ಡ್ರಾಫ್ಟಿನಲ್ಲಿ ಬರುವುದು ತಿಂಗಳ ಕೊನೆಗೆ. ಇಂಜೆಕ್ಷನ್ ಇರುವುದು ತಿಂಗಳ ನಡುವೆ. ಈ ನಡುವಿನ ದಿನಗಳನ್ನು ದಾಟಿಸುವುದಕ್ಕಷ್ಟೇ ಅವರಿಗೆ ಕಾರ್ಡ್ ಬೇಕಿತ್ತು. ಬೇರೆ ಒಂದು ಚಡ್ಡಿ ಬನಿಯನ್ನನ್ನೂ ಅದರಲ್ಲಿ ಕೊಂಡವರಲ್ಲ. ಮುಂದಿನ ಸಲ ಇಂಜೆಕ್ಷನಿಗೆ ಬಂದಾಗಲೋ ಅದಕ್ಕೆ ಮೊದಲೋ ನಮ್ಮ ಕೌಂಟರಿಗೆ ಬಂದು, ಪೂರ್ತಿ ಹಣ ಎಣಿಸಿಟ್ಟು, 'ಇದು ಇಂಜೆಕ್ಷನಿನದ್ದು' ಎಂದು ಹೇಳಿ ರಶೀದಿ ತೆಗೆದುಕೊಳ್ಳುವರು. ಹೆಂಡತಿ ಹೊರಗೆ ಬೆಂಚಿನಲ್ಲಿ ಕೂತಿರುತ್ತಿದ್ದರು. ತಲೆಗೆ ಸೆರಗು ಹೊದ್ದ ಸಪೂರ ಹೆಂಗಸು. ಅಲ್ಲಿ ಕೂತೂ ಮಡಿಲಲ್ಲಿ ಮೊಗ್ಗು ಹಾಕಿಕೊಂಡು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಕೈ ಸುಮ್ಮನಿದ್ದರೆ ನೋವು ಗೊತ್ತಾಗುತ್ತದೆ ಎಂದು ನನ್ನ ಹತ್ತಿರ ಹೇಳಿದ್ದರು.

ಗಂಡ ಕೌಂಟರಿನಿಂದ ಹೊರಗೆ ಹೋದ ಕೂಡಲೇ ಅವರು ಕೇಳುವುದು ಒಂದೇ ಪ್ರಶ್ನೆ, ಕೊಂಕಣಿಯಲ್ಲಿ. ಕಟ್ಟಿ ಆಯಿತಾ ಎಂದು. ಗಂಡ ರಶೀದಿ ತೋರಿಸಿದ ಮೇಲೆಯೇ ಏಳುತ್ತಿದ್ದರು. ತನ್ನ ಔಷಧದ ಬಾಕಿ ಇಟ್ಟು ತಾನು ಹೋಗಿಬಿಡಬಾರದು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು.

ಮಳೆ ಶುರುವಾಯಿತು. ಜೂನಿನ ಇಂಜೆಕ್ಷನ್ ಒಂದು ವಾರ ತಡವಾದ್ದರಿಂದ ಅದೂ ಜುಲೈ ನಡುವಿನದ್ದೂ ಒಂದೇ ಸ್ಟೇಟ್‌ಮೆಂಟಿಗೆ ಬಿದ್ದವು. ಸಾವಿರದ ನಾನೂರ ಎಂಬತ್ತು. ಕಟ್ಟಬೇಕಾದ ಕೊನೆಯ ದಿನ ಆಗಸ್ಟ್ ಹತ್ತು. ಅದಕ್ಕೆ ಮೂರು ದಿನ ಮೊದಲು ಏಜೆಂಟರು ಒದ್ದೆ ಕೊಡೆ ಹಿಡಿದುಕೊಂಡು ಬಂದರು. ಕಿಸೆಯಿಂದ ನಾಲ್ಕು ನೂರರ ನೋಟು ತೆಗೆದು ಕೌಂಟರಿನ ಮೇಲಿಟ್ಟರು.

'ಮೇಡಂ, ಈ ಸಲ ಪೂರ್ತಿ ಆಗುದಿಲ್ಲ. ಆಟಿ ಅಲ್ವಾ? ಮದುವೆ ಇಲ್ಲ, ಪೂಜೆ ಇಲ್ಲ. ಅಟ್ಟೆಗೆ ಎಂಟು ರೂಪಾಯಿ ಸಹ ಹುಟ್ಟುದಿಲ್ಲ. ಹೂ ತಂದವರಿಗೆ ನಾನು ಅರ್ಧ ಕೊಟ್ಟು, ಉಳಿದದ್ದು ಸೋಣದಲ್ಲಿ ಅಂತ ಹೇಳಿದ್ದೇನೆ.'

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳು ಎಂದರೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ಚೆಂಡು ಸೇರಿದ ಒಂದು ಅಟ್ಟೆ ಮಲ್ಲಿಗೆಗೆ ಆ ಒಂದು ತಿಂಗಳು ಕೇಳುವವರಿರುವುದಿಲ್ಲ. ನಮ್ಮ ಊರಿನ ಕಡೆ ಆ ತಿಂಗಳು ಯಾರೂ ಯಾರ ಮನೆ ಬಾಗಿಲಿಗೂ ಬಾಕಿ ಕೇಳಲು ಹೋಗುವುದಿಲ್ಲ. ಅಂಗಡಿಯವನು ಪುಸ್ತಕ ತೆರೆಯುವುದಿಲ್ಲ. ಏಜೆಂಟರು ಹೂ ಕಟ್ಟುವವರಿಗೆ ಪೂರ್ತಿ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ. ಅದರ ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆ ಎಲ್ಲ ಲೆಕ್ಕ. ಅದಕ್ಕೆ ಬಡ್ಡಿ ಎಂಬುದಿಲ್ಲ. ಕ್ರೈಸ್ತರಿಗೆ ಆಟಿ ಇಲ್ಲದಿರಬಹುದು, ಹೂವಿನವರಿಗೆಲ್ಲ ಉಂಟು. ನಾನು ಹುಟ್ಟಿ ಬೆಳೆದದ್ದು ಇದೇ ನಡತೆಯಲ್ಲಿ. ಆ ನಾಲ್ಕು ನೋಟು ನೋಡಿದಾಗ ನನಗೆ ನಿಜವಾಗಿ ಬೇಸರವಾಯಿತು.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ತಿಂಗಳಿಗೆ ಬಡ್ಡಿ ಮೂವತ್ತೇಳು ರೂಪಾಯಿ. ಅಷ್ಟೇ ಅಲ್ಲವೇ ಎನಿಸಿತು. ನೋಟುಗಳನ್ನು ಅವರತ್ತ ಸರಿಸಿದೆ.

'ಇದು ಇಟ್ಟುಕೊಳ್ಳಿ, ಅವರಿಗೆ ಹಾಲೋ ಹಣ್ಣೋ ಬೇಕಾಗ್ತದೆ. ಮೂವತ್ತೋ ನಲವತ್ತೋ ಬಡ್ಡಿ ಬೀಳಬಹುದು, ಹೆಚ್ಚೆಂತ ಇಲ್ಲ,' ಎಂದೆ. ಆಮೇಲೆ ಬ್ಯಾಂಕಿನ ಕನ್ನಡ ಬಿಟ್ಟು ತುಳುವಿನಲ್ಲಿ, 'ಆಟಿ ಪೋವಡ್, ಬೊಕ್ಕ ತೂಕ' ಎಂದೆ. ಆಟಿ ಕಳೆಯಲಿ, ಮತ್ತೆ ನೋಡೋಣ.

ಅವರ ಮುಖ ಅರಳಿತು. ಬ್ಯಾಂಕಿನವರೂ ಮನುಷ್ಯರೇ ಎಂದುಕೊಂಡಿರಬೇಕು.

ಎಂಥ ಹೆಡ್ಡತನ! ನೂರ ನಲವತ್ತೆಂಟು ಕಟ್ಟಿದ್ದರೆ ಕನಿಷ್ಠ ಪಾಲು ಮುಗಿದು ಅವರ ಖಾತೆಗೆ ಒಂದು ಕಪ್ಪು ಚುಕ್ಕೆಯೂ ಬೀಳುತ್ತಿರಲಿಲ್ಲ. ಕೈಯಲ್ಲಿ ನಾನೂರು ಹಿಡಿದು ಬಂದವರನ್ನು ನಾನೇ ವಾಪಸು ಕಳಿಸಿದೆ. ಇನ್ನೂ ಒಂದು ನಿಯಮವಿತ್ತು. ಒಮ್ಮೆ ಬಾಕಿ ಉಳಿಸಿದರೆ ಅದು ಪೂರ್ತಿ ಸೊನ್ನೆಯಾಗುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಯಾವ ದಿನಗಳಿಗಾಗಿ ಅವರು ಕಾರ್ಡ್ ಇಟ್ಟುಕೊಂಡಿದ್ದರೋ ಆ ದಿನಗಳೇ ಹೋದವು. ಈ ನಿಯಮ ಪ್ರತಿ ಸ್ಟೇಟ್‌ಮೆಂಟಿನ ಹಿಂದೆ ಅಚ್ಚಾಗಿರುತ್ತಿತ್ತು. ದಿನಕ್ಕೆ ನೂರು ಸಲ ನಾನೇ ಅದನ್ನು ಮಡಚಿ ಲಕೋಟೆಗೆ ಹಾಕುತ್ತಿದ್ದೆ. ಅವರ ಮುಖ ನೋಡುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಸೋಣ ಬಂತು. ಚೌತಿ ಬಂತು, ಕ್ರೈಸ್ತರ ಮೊಂತಿ ಹಬ್ಬ ಬಂತು, ಹೂವಿನ ದರ ಏರಿತು. ಆದರೆ ಆ ವರ್ಷ ಮಳೆ ಬಿಡಲೇ ಇಲ್ಲ. ಶಂಕರಪುರದಲ್ಲಿ ಗಿಡದ ಬುಡದಲ್ಲಿ ನೀರು ನಿಂತು ಬೇರು ಕೊಳೆಯಿತು. ಎಲೆ ಹಳದಿಯಾಗಿ ಉದುರಿ ಗಿಡಗಳು ಬರೀ ಕಡ್ಡಿಯಾದವು. ದರ ಇದ್ದಾಗ ಏಜೆಂಟರ ಹತ್ತಿರ ಹೂವಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ತಂದದ್ದು ನೂರು ರೂಪಾಯಿ. 'ಇದು ಇಂಜೆಕ್ಷನಿನದ್ದು. ಉಳಿದದ್ದು ಹೂ ಬಂದ ಕೂಡಲೇ,' ಎಂದರು. ಹೊರಗೆ ಹೆಂಡತಿಗೆ ರಶೀದಿ ತೋರಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ರಶೀದಿಯಲ್ಲಿ ಬ್ಯಾಂಕಿನ ಸೀಲು ಇತ್ತು, ಅವರಿಗೆ ಅಷ್ಟು ಸಾಕಿತ್ತು.

ತಿಂಗಳ ನಡುವೆ ನಾವು ಒಂದು ಪಟ್ಟಿ ತಯಾರಿಸಬೇಕಿತ್ತು. ಎರಡು ತಿಂಗಳು ಸತತವಾಗಿ ಕನಿಷ್ಠ ಪಾಲು ಕಟ್ಟದವರ ಕಾರ್ಡ್ ನಂಬರುಗಳ ಪಟ್ಟಿ. ಅದು ಸಣ್ಣ ಪುಸ್ತಕವಾಗಿ ಎಲ್ಲ ಅಂಗಡಿಗಳಿಗೂ ಹೋಗುತ್ತಿತ್ತು. ಸಾವಿರದೊಳಗಿನ ಖರೀದಿಗೆ ಅಂಗಡಿಯವರು ನಮಗೆ ಫೋನು ಮಾಡಬೇಕಾಗಿರಲಿಲ್ಲ. ಪುಸ್ತಕ ತೆರೆದು ನಂಬರು ಇಲ್ಲವೆಂದು ನೋಡಿದರೆ ಸಾಕು. ನಂಬರಿದ್ದರೆ ಕಾರ್ಡನ್ನು ಹಿಡಿದಿಟ್ಟುಕೊಳ್ಳಬೇಕು. ನಾನು ಲೆಡ್ಜರು ನೋಡಿ ನಂಬರು ಓದುವುದು, ಸಹೋದ್ಯೋಗಿ ಸ್ಟೆನ್ಸಿಲ್ಲಿನಲ್ಲಿ ಟೈಪು ಮಾಡುವುದು. ಆಮೇಲೆ ಅವರು ಓದುವುದು, ನಾನು ಲೆಡ್ಜರಿನಲ್ಲಿ ಟಿಕ್ ಹಾಕುವುದು. ತಪ್ಪಾಗದಿರಲಿ ಎಂದು ಎರಡೆರಡು ಸಲ. ಎರಡು ಸಲವೂ ಲೆಡ್ಜರು ನನ್ನ ಕೈಯಲ್ಲೇ ಇರುತ್ತಿತ್ತು ಎಂಬುದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಏಜೆಂಟರ ಹಾಳೆ ಬಂತು. ಅಸಲು ಎರಡು ಸಾವಿರದ ಒಂಬೈನೂರ ಅರವತ್ತು. ನಾಲ್ಕು ಇಂಜೆಕ್ಷನ್. ನಂಬರು ಓದಲು ಬಾಯಿ ತೆರೆದೆ. ಈ ನಂಬರು ಪುಸ್ತಕಕ್ಕೆ ಹೋದರೆ ಮುಂದಿನ ತಿಂಗಳು ಔಷಧದಂಗಡಿಯಲ್ಲಿ ಆ ಹೆಂಗಸಿನ ಎದುರಿನಲ್ಲೇ ಕಾರ್ಡ್ ಕಸಿದುಕೊಳ್ಳುತ್ತಾರೆ. ನಾನು ಆಟಿ ಕಳೆಯಲಿ ಎಂದು ಹೇಳಿದ್ದಕ್ಕೆ. ಹಾಳೆ ತಿರುವಿ ಮುಂದಿನ ನಂಬರು ಓದಿದೆ.

ಅದು ನಾನು ತೆಗೆದುಕೊಂಡ ನಿರ್ಧಾರ. ಯಾರೂ ಹೇಳಿದ್ದಲ್ಲ, ಯಾರನ್ನೂ ಕೇಳಿದ್ದಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಒಂದು ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯೂ ಇತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅಕ್ಟೋಬರಿನಲ್ಲೂ ಓದಲಿಲ್ಲ, ನವೆಂಬರಿನಲ್ಲೂ ಓದಲಿಲ್ಲ. ಒಮ್ಮೆ ಬಿಟ್ಟದ್ದನ್ನು ಮತ್ತೆ ಸೇರಿಸಿದರೆ ಹಿಂದಿನ ತಿಂಗಳು ಯಾಕಿಲ್ಲ ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆಯೂ ಈಗ ಕೂಡಿಕೊಂಡಿತ್ತು. ಏಜೆಂಟರು ತಿಂಗಳು ತಪ್ಪದೆ ಬಂದು ನೂರೈವತ್ತು ಕಟ್ಟಿ ಹೋಗುತ್ತಿದ್ದರು. ಸಾಲ ಬೆಳೆದಿದ್ದರಿಂದ ಕನಿಷ್ಠ ಪಾಲಿಗೂ ಅದು ಸಾಲುತ್ತಿರಲಿಲ್ಲ. ಪ್ರತಿ ಸಲ 'ಇಂಜೆಕ್ಷನಿನದ್ದು' ಎನ್ನುತ್ತಿದ್ದರು. ಸರಿಯಾಗಿ ಹೇಳಿಬಿಡಬೇಕು, ಯಾರ ಕೈಕಾಲು ಹಿಡಿದಾದರೂ ಒಂದೇ ಸಲಕ್ಕೆ ಈ ಕಾರ್ಡನ್ನು ಮುಗಿಸಿಬಿಡಿ ಎನ್ನಬೇಕು ಎಂದುಕೊಳ್ಳುತ್ತಿದ್ದೆ. ನವೆಂಬರಿನಲ್ಲಿ ಬಾಯಿಬಿಟ್ಟೆ ಕೂಡ.

'ಇದು ಹೀಗೆ ಹೋದರೆ ಮುಗಿಯುದಿಲ್ಲ. ಭಾವನ ಹತ್ತಿರವೋ ಇಗರ್ಜಿಯ ಸೊಸೈಟಿಯಲ್ಲೋ ಕೇಳಿ ನೋಡಿ. ಅಲ್ಲಿ ಬಡ್ಡಿ ಇದರ ಅರ್ಧ ಸಹ ಇರ್ಲಿಕ್ಕಿಲ್ಲ.'

'ಕೇಳಬಹುದು,' ಎಂದರು. 'ಆದ್ರೆ ಕಾರ್ಡ್ ನಡೀತಾ ಉಂಟಲ್ಲ ಮೇಡಂ. ಅಂಗಡಿಯಲ್ಲಿ ಎಂತ ಸಹ ಹೇಳ್ಲಿಲ್ಲ. ಹೂ ಬರ್ಲಿ. ಬೇಸಗೆಯಲ್ಲಿ ಮದುವೆ ಶುರುವಾದ ಮೇಲೆ ಎರಡು ತಿಂಗಳಲ್ಲಿ ಚುಕ್ತ ಮಾಡ್ತೇನೆ.'

ಕಾರ್ಡ್ ನಡೆಯುತ್ತಿದ್ದದ್ದು ಯಾಕೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಸೆಪ್ಟೆಂಬರಿನಲ್ಲೇ ಅದು ನಿಂತಿದ್ದರೆ ಅವರು ಮೂರು ಸಾವಿರದೊಳಗಿನ ಸಾಲಕ್ಕೆ ಆಗಲೇ ನಾಲ್ಕು ಜನರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಯಾರಾದರೂ ಕೊಡುತ್ತಿದ್ದರು. ನಾನು ದಾರಿ ತೆರೆದಿಟ್ಟದ್ದರಿಂದ ಬೇರೆ ದಾರಿ ಹುಡುಕುವ ಅಗತ್ಯ ಅವರಿಗೆ ಬೀಳಲೇ ಇಲ್ಲ. ಡಿಸೆಂಬರಿನಲ್ಲಿ ಅಸಲು ಮಿತಿ ದಾಟಿತು. ಜನವರಿಯಲ್ಲಿ ಐದು ಸಾವಿರದ ಒಂಬೈನೂರ ಇಪ್ಪತ್ತು. ಎಂಟು ಇಂಜೆಕ್ಷನ್. ನಾನು ಸುಮ್ಮನಿದ್ದ ತಿಂಗಳುಗಳಲ್ಲಿ ಸಾಲ ಸರಿಯಾಗಿ ಎರಡರಷ್ಟಾಗಿತ್ತು.

ಜನವರಿ ಕೊನೆಯಲ್ಲಿ ತಪಾಸಣೆಗೆ ಇನ್‌ಸ್ಪೆಕ್ಟರರು ಬಂದರು. ಕೋಪಿಷ್ಠರಲ್ಲ, ಕೆಂಪು ಶಾಯಿಯ ಪೆನ್ನು ಹಿಡಿದ ಮೆಲುಮಾತಿನ ಮನುಷ್ಯ. ಮಿತಿ ದಾಟಿದ ಖಾತೆಗಳನ್ನು ಬೇರೆ ಬರೆದುಕೊಂಡು, ಒಂದೊಂದನ್ನೂ ಪಟ್ಟಿಯ ಪುಸ್ತಕದೊಂದಿಗೆ ತಾಳೆ ನೋಡಿದರು. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು ಹಾಳೆ ತೋರಿಸಿದರು.

'ಇದು ಐದು ತಿಂಗಳಿಂದ ಪಟ್ಟಿಗೆ ಬರಲಿಲ್ಲ. ಟೈಪಿಂಗಿನಲ್ಲಿ ಬಿಟ್ಟುಹೋಯ್ತಾ?'

ಟೈಪು ಮಾಡಿದ ಸಹೋದ್ಯೋಗಿ ಪಕ್ಕದಲ್ಲೇ ಇದ್ದರು. ಅವರ ಬಣ್ಣ ಹೋಗಿತ್ತು. 'ಇಲ್ಲ, ನಾನು ಓದಲಿಲ್ಲ,' ಎಂದೆ.

'ಗುರುತಿನವರಾ?'

'ಅಲ್ಲ. ಹೂವಿನವರು.'

ಅವರಿಗೆ ಅರ್ಥವಾಗಲಿಲ್ಲ. ನಮ್ಮ ಆಫೀಸರಿಗೆ ಅರ್ಥವಾಯಿತು, ಅವರು ಕಿಟಕಿಯ ಕಡೆ ತಿರುಗಿದರು. ಇನ್‌ಸ್ಪೆಕ್ಟರರು ನನ್ನಿಂದ ಲಿಖಿತ ವಿವರಣೆ ಬರೆಸಿಕೊಂಡರು. ಮುಂದೆ ಒಂದು ಇನ್‌ಕ್ರಿಮೆಂಟು ನಿಂತಿತು. ನನಗೆ ಆದದ್ದು ಅಷ್ಟೇ.

ಆ ಸಂಜೆ ಆಫೀಸರ ಹತ್ತಿರ ಹೋಗಿ, ಬಾಕಿಯನ್ನು ನನ್ನ ಸಂಬಳದಿಂದ ಕಂತಿನಲ್ಲಿ ಕಟ್ಟುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

'ನೋಡಿ, ಗಿರಾಕಿಯ ಖಾತೆಗೆ ನಾವು ಹಣ ಕಟ್ಟಿದರೆ ಅದು ಇನ್ನೊಂದು ಕೇಸು. ಆಗ ನೀವು ಬರೀ ದಡ್ಡಿ ಅಂತ ಹೇಳ್ಲಿಕ್ಕೂ ಆಗುದಿಲ್ಲ ನನಗೆ. ಬಡ್ಡಿ ಮನ್ನಾಕ್ಕೆ ಬರೆಯಿರಿ, ಸಹಿ ಹಾಕಿ ಮೇಲಕ್ಕೆ ಕಳಿಸ್ತೇನೆ.'

ಬರೆದೆ. ಕಾಯಿಲೆ, ಬೇರು ಕೊಳೆತ ಗಿಡ, ಕೌಂಟರಿನಲ್ಲಿ ನಾನು ಕೊಟ್ಟ ತಪ್ಪು ಸಲಹೆ, ಎಲ್ಲ ಬರೆದೆ. ಐದು ವಾರದ ಮೇಲೆ ಒಂದೇ ಸಾಲಿನ ಉತ್ತರ ಬಂತು. ಅಸಲು ಬಾಕಿ ಇರುವಾಗ ಬಡ್ಡಿ ಮನ್ನಾದ ಪ್ರಶ್ನೆ ಏಳುವುದಿಲ್ಲ.

ಈ ನಡುವೆ ಫೆಬ್ರವರಿಯ ಪಟ್ಟಿಯಲ್ಲಿ ಅವರ ನಂಬರು ಇತ್ತು. ನಾನೇ ಓದಿದ್ದು. ಪುಸ್ತಕ ಹೋಗುವ ಮೊದಲು ಏಜೆಂಟರಿಗೆ ಒಂದು ಅಂಚೆ ಕಾರ್ಡು ಬರೆದು ಹಾಕಿದ್ದೆ, ಈ ಸಲ ಅಂಗಡಿಗೆ ನಗದು ತೆಗೆದುಕೊಂಡು ಹೋಗಿ ಎಂದು. ಅದು ತಲುಪುವುದು ಒಂದು ದಿನ ತಡವಾಯಿತಂತೆ. ಔಷಧದಂಗಡಿಯ ಮಾಲೀಕರು ಖುದ್ದಾಗಿ ನಮ್ಮ ಮಹಡಿಗೆ ಬಂದರು. ಎರಡು ತುಂಡು ಮಾಡಿದ ಕಾರ್ಡನ್ನು ಒಂದು ಫಾರಂಗೆ ಪಿನ್ನು ಚುಚ್ಚಿ ನನ್ನ ಮೇಜಿನ ಮೇಲಿಟ್ಟರು. ಪಟ್ಟಿಯಲ್ಲಿದ್ದ ಕಾರ್ಡ್ ಹಿಡಿದುಕೊಟ್ಟ ಅಂಗಡಿಗೆ ಐವತ್ತು ರೂಪಾಯಿ ಬಹುಮಾನವಿತ್ತು.

'ನನಗೆ ಸಹ ಮನಸ್ಸಿರ್ಲಿಲ್ಲ,' ಎಂದರು. 'ಆದ್ರೆ ಪುಸ್ತಕದಲ್ಲಿ ಉಂಟಲ್ಲ, ಎಂತ ಮಾಡುದು? ಆ ಹೆಂಗಸು ಅಲ್ಲೇ ಸ್ಟೂಲಿನಲ್ಲಿ ಕೂತಿತ್ತು. ಕತ್ತರಿ ಹಾಕುವಾಗ ನೋಡಿತು.'

ವೋಚರು ಬರೆದು ಐವತ್ತು ರೂಪಾಯಿ ಕೊಟ್ಟೆ. ಅವರು ನೋಟನ್ನು ಕಿಸೆಗೆ ಹಾಕದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು ಮತ್ತೆ ಹೋದರು.

ಆ ತಿಂಗಳ ಇಂಜೆಕ್ಷನ್ ಆಗಲಿಲ್ಲ. ಮರುವಾರ ಏಜೆಂಟರು ಒಬ್ಬರೇ ಬಂದರು. ಬೆಂಚು ಖಾಲಿ. ನೂರೈವತ್ತು ರೂಪಾಯಿ ಇಟ್ಟರು. ಇನ್ನು ಸುಳ್ಳು ಸಾಕೆಂದು ನಾನು ಎಲ್ಲವನ್ನೂ ಹೇಳಿದೆ. ನಾನೂರು ರೂಪಾಯಿ ತೆಗೆದುಕೊಳ್ಳದೆ ಕಳಿಸಿದ್ದು, ಐದು ತಿಂಗಳು ನಂಬರು ಓದದೆ ಬಿಟ್ಟದ್ದು, ಅದರಿಂದ ಸಾಲ ಬೆಳೆದದ್ದು. ತಪ್ಪು ನನ್ನದು ಎಂದೆ. ಅವರು ಬೈಯಬೇಕಿತ್ತು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

'ನೀವು ಒಳ್ಳೆದಕ್ಕೇ ಮಾಡಿದ್ದು ಅಲ್ವಾ,' ಎಂದರು. 'ನಾನು ಸಹ ಕೇಳ್ಬೇಕಿತ್ತು. ಆಟಿ ಅಂದ್ರೆ ಬ್ಯಾಂಕಿಗೆ ಸಹ ಆಟಿ ಅಂತ ಗ್ರಹಿಸಿದೆ.'

ಮಾರ್ಚಿನ ಇಂಜೆಕ್ಷನಿಗೆ ಹೇಗೋ ಹಣ ಹೊಂದಿಸಿದರು. ಅಷ್ಟರಲ್ಲಿ ಡಾಕ್ಟರು ಇನ್ನು ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ತಿಂಗಳು ತಪ್ಪಿದ್ದರಿಂದ ಹಾಗಾಯಿತು ಎಂದು ಯಾರೂ ಹೇಳಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಲಿಲ್ಲ. ಆ ತಿಂಗಳೂ ಅವರು ನೂರೈವತ್ತು ಕಟ್ಟಿದರು.

ಏಪ್ರಿಲ್ ನಡುವೆ ಅವರು ಮತ್ತೆ ಬಂದರು. ಅಂಗಿಯ ಕಿಸೆಯ ಮೇಲೆ ಶೋಕದ ಕಪ್ಪು ಬಟ್ಟೆಯ ತುಂಡು ಪಿನ್ನು ಚುಚ್ಚಿಕೊಂಡಿದ್ದರು. ಕುಳಿತುಕೊಳ್ಳಿ ಎಂದೆ. ಕೂರಲಿಲ್ಲ. ಹೂ ಒಟ್ಟು ಮಾಡುವ ತನ್ನ ಕಟ್ಟೆಯನ್ನು, ಅಲ್ಲಿಗೆ ಹೂ ತರುವ ಮನೆಗಳ ಸಮೇತ, ಇನ್ನೊಬ್ಬ ಏಜೆಂಟರಿಗೆ ಬಿಟ್ಟುಕೊಟ್ಟೆ ಎಂದರು. ಮದುವೆಯ ಸೀಸನ್ ಶುರುವಾಗಿತ್ತು. ಗಿಡಗಳು ಮತ್ತೆ ಚಿಗುರಿ ದಿನಕ್ಕೆ ನೂರಾರು ಅಟ್ಟೆ ಬರುತ್ತಿದ್ದ ದಿನಗಳವು.

'ಪೂರ್ತಿ ಎಷ್ಟು ಉಂಟು, ಹೇಳಿ. ಅವಳು ಹೋಗಿ ತಿಂಗಳಾಗುವಾಗ ಇಗರ್ಜಿಯಲ್ಲಿ ಪೂಜೆ ಉಂಟು, ಅದಕ್ಕೆ ಮೊದಲು ಮುಗೀಬೇಕು.'

ಲೆಡ್ಜರು ತೆಗೆದು ಆ ದಿನದವರೆಗೆ ಬಡ್ಡಿ ಹಾಕಿದೆ. ಐದು ಸಾವಿರದ ಒಂಬೈನೂರ ಅರವತ್ತನಾಲ್ಕು. ಅವರು ಬೈರಾಸಿನ ಗಂಟು ಬಿಚ್ಚಿ ಹಣ ಮುಂದಿಟ್ಟರು.

'ಮೇಡಂ, ನನಗೆ ಒಂದು ಕಾಗದ ಬೇಕು,' ಎಂದರು. 'ನಾನು ಪ್ರತಿ ತಿಂಗಳು ಕಟ್ಟಿದ್ದೇನಲ್ಲ, ಅದರಲ್ಲಿ ಯಾವ್ಯಾವ ಇಂಜೆಕ್ಷನಿನ ಹಣ ಯಾವಾಗ ಮುಗೀತು ಅಂತ ಬರೆದು ಕೊಡಿ. ಕಡೆಯ ದಿನ ಸಹ ಅವಳು ಕೇಳಿದಳು, ಕಟ್ಟಿ ಆಯ್ತಾ ಅಂತ. ಇಂಜೆಕ್ಷನಿನದ್ದು ಎಲ್ಲ ಆಯ್ತು, ಇನ್ನು ಬ್ಯಾಂಕಿನವರ ಬಡ್ಡಿ ಮಾತ್ರ, ಅಂತ ಹೇಳಿದೆ. ಅದು ಸರಿ ಅಲ್ವಾ?'

ಸರಿ ಎಂದು ಹೇಳುವುದು ಸುಲಭವಿತ್ತು. ನಾಲ್ಕು ಸಾಲು ಟೈಪು ಮಾಡಿ ಸೀಲು ಒತ್ತಿ ಕೊಟ್ಟಿದ್ದರೆ ಅವರು ಅದನ್ನು ಮಡಚಿ ಇಟ್ಟುಕೊಂಡು ನೆಮ್ಮದಿಯಿಂದ ಹೋಗುತ್ತಿದ್ದರು. ಯಾರಿಗೂ ನಷ್ಟವಿರಲಿಲ್ಲ. ಆದರೆ ಆಗಸ್ಟಿನಲ್ಲೂ ನಾನು ಇದೇ ಕೌಂಟರಿನಲ್ಲಿ ಸಮಾಧಾನದ ಮಾತೇ ಹೇಳಿದ್ದು. ಇನ್ನೊಂದು ಸಲ ಅವರಿಗೆ ಅಂಥ ಮಾತು ಹೇಳುವ ಹಕ್ಕು ನನಗಿಲ್ಲ ಎನಿಸಿತು. ಲೆಡ್ಜರನ್ನು ಅವರ ಕಡೆ ತಿರುಗಿಸಿದೆ.

ಕಟ್ಟಿದ ಹಣ ಮೊದಲು ಬಡ್ಡಿಗೆ ಹೋಗುತ್ತದೆ, ಆಮೇಲೆ ತಡವಾದದ್ದರ ಶುಲ್ಕಕ್ಕೆ, ಉಳಿದರೆ ಮಾತ್ರ ಅಸಲಿಗೆ, ಎಂದು ಬೆರಳಿಟ್ಟು ತೋರಿಸಿದೆ. ಸೆಪ್ಟೆಂಬರಿನಿಂದ ಅವರು ಕಟ್ಟಿದ್ದು ಒಟ್ಟು ಒಂದು ಸಾವಿರ. ಬಡ್ಡಿ ಮತ್ತು ಶುಲ್ಕ ಸೇರಿ ಸಾವಿರದ ನಲವತ್ತನಾಲ್ಕು. ಅಸಲು ಇನ್ನೂ ಐದು ಸಾವಿರದ ಒಂಬೈನೂರ ಇಪ್ಪತ್ತರಲ್ಲೇ ಇತ್ತು.

ಅವರು ಆ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

'ಅಂದ್ರೆ ಇಂಜೆಕ್ಷನಿಗೆ ಒಂದು ರೂಪಾಯಿ ಸಹ ಹೋಗ್ಲಿಲ್ವಾ?'

'ಇಲ್ಲ.'

'ಒಂದಕ್ಕೆ ಸಹ?'

'ಒಂದಕ್ಕೂ ಇಲ್ಲ. ಇವತ್ತು ಕಟ್ಟಿದರೆ ಹೋಗ್ತದೆ. ಎಂಟಕ್ಕೂ.'

ಹಣದ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ ಅದನ್ನು ನನ್ನ ಕಡೆ ಸರಿಸಿದರು.

'ಹಾಗಾದ್ರೆ ನಾನು ಅವಳಿಗೆ ಔಷಧ ತಕ್ಕೊಂಡದ್ದು ಇವತ್ತು,' ಎಂದರು. 'ಮಣ್ಣು ಮಾಡಿ ಹದಿನೆಂಟು ದಿವಸ ಆಯ್ತು.'

ಹಣ ಎಣಿಸಿ ರಶೀದಿ ಬರೆದೆ. ಅದರಲ್ಲಿ ಆ ದಿನದ ತಾರೀಖನ್ನೇ ಹಾಕಬೇಕಿತ್ತು, ಹಾಕಿ ಕೊಟ್ಟೆ.